ಒಣ ಬಟ್ಟೆ ಮಾತ್ರ

ಮರಿಕಿನಾ,
ಮೇ ೧೪, ಬುಧವಾರ

ಪ್ರೀತಿಯ ಅಂಪಾರೊ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ದಿನಾ ಬೆಳಗಾಗುವ ಮೊದಲೇ ಎದ್ದು ಮಂಡಿಯೂರಬೇಕು ಎಂದು ಹೋದ ಪತ್ರದಲ್ಲಿ ಬರೆದಿದ್ದೆ. ಹದಿನೈದು ವರ್ಷ ಅದೇ ಮಂಡಿಯನ್ನು ಬಗ್ಗಿಸಿ ಬಗ್ಗಿಸಿ ಬೌಲಿಂಗ್ ಚೆಂಡು ಉರುಳಿಸಿದವಳು ನೀನು, ಅದರಲ್ಲಿ ಇನ್ನು ಉಳಿದಿರುವುದಾದರೂ ಏನು ಎಂದು ನನಗೆ ಚಿಂತೆ. ನಾಚಿಕೊಳ್ಳದೆ ದೊಡ್ಡ ಸಿಸ್ಟರ್ ಹತ್ತಿರ ಒಂದು ದಿಂಬು ಕೇಳಿಕೋ. ತಗಾಯ್ತಾಯ್ ಬೆಟ್ಟದ ಮೇಲಿನ ನಿಮ್ಮ ಮಠದಲ್ಲಿ ಮೇ ತಿಂಗಳಲ್ಲೂ ಚಳಿಯಂತೆ, ನಾನು ಕಳಿಸಿದ ಉಲ್ಲನ್ ಕಾಲುಚೀಲ ತಲುಪಿತೇ ಅಥವಾ ಅದನ್ನೂ ಯಾರಿಗಾದರೂ ದಾನ ಮಾಡಿಬಿಟ್ಟೆಯಾ? ಅನ್ನ ಹೊಟ್ಟೆ ತುಂಬ ಬಡಿಸುತ್ತಾರಾ? ಹೆಬ್ಬೆರಳಿನ ಜಡ್ಡು ಕರಗಿತೇ? ಎಲ್ಮೆರ್ ಹೇಳುತ್ತಾನೆ, ‘ನಿಮ್ಮಕ್ಕನ ಜಡ್ಡು ಹೋಗಬೇಕಾದ್ರೆ ಜಪಮಾಲೆ ಸಾಲಲ್ಲ, ಉಪ್ಪುಕಾಗದದಲ್ಲಿ ಉಜ್ಜಬೇಕು’ ಅಂತ. ನನ್ನ ಗಂಡನ ತಮಾಷೆಗಳು ಮೊದಲಿನ ಹಾಗೆಯೇ ಇವೆ, ನಗುವವರು ಮಾತ್ರ ಒಬ್ಬರು ಕಡಿಮೆ.

ಈ ಪತ್ರಗಳನ್ನು ನಿನಗಿಂತ ಮೊದಲು ದೊಡ್ಡ ಸಿಸ್ಟರ್ ಒಡೆದು ಓದುತ್ತಾರೆ ಎಂದು ಪೂರಿಂಗ್ ಅಜ್ಜಿ ಹೆದರಿಸಿದ್ದಾಳೆ. ಓದಿದರೆ ಓದಲಿ. ತಿಂಗಳಿಗೊಂದೇ ಪತ್ರ, ಮುಂದಿನ ಜನವರಿಯವರೆಗೆ ಫೋನಿಲ್ಲ ಎಂಬ ನಿಮ್ಮ ನಿಯಮ ಮಾಡಿದವರಿಗೆ ತಂಗಿ ಇರಲಿಲ್ಲ ಎಂದು ಕಾಣುತ್ತದೆ. (ಸಿಸ್ಟರ್, ಓದುತ್ತಿದ್ದರೆ ಕ್ಷಮಿಸಿ.)

ನಾವೆಲ್ಲ ಆರೋಗ್ಯ. ಪುಟ್ಟ ಮಗಳು ನೆನೆಗೆ ಹತ್ತು ತಿಂಗಳು ತುಂಬಿತು, ಕೆಳಗೆ ಎರಡು ಹಲ್ಲು ಬಂದಿವೆ, ಮೇಲಿನವು ಬರಲು ಹವಣಿಸುತ್ತಿವೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ತಿಂದದ್ದರಲ್ಲಿ ಅರ್ಧ ವಾಪಸ್ ಕೊಡುತ್ತಾಳೆ. ಎಲ್ಮೆರ್‌ಗೆ ವರ್ಕ್‌ಶಾಪಿನಲ್ಲಿ ಮದುವೆ ಬೂಟುಗಳ ಸುಗ್ಗಿ, ಬೆಳಿಗ್ಗೆ ಹೋದವನು ಅಂಟಿನ ವಾಸನೆ ಹೊತ್ತುಕೊಂಡು ಬಂದು ಉಂಡು ಮಲಗುತ್ತಾನೆ. ನನ್ನ ನಿದ್ದೆಯ ವಿಷಯ ಮಾತ್ರ ಕೇಳಬೇಡ. ಮಗು ಮಲಗಿದರೆ ನನಗೆ ಬರುವುದಿಲ್ಲ, ನನಗೆ ಬಂದರೆ ಅವಳು ಏಳುತ್ತಾಳೆ. ಅದು ಹಳೆಯ ಕಥೆ. ಈ ಮೂರು ದಿನದ್ದು ಬೇರೆ, ಅದನ್ನು ಹೇಳಲೆಂದೇ ಕೂತಿದ್ದೇನೆ. ಎಲ್ಲಿಂದ ಶುರು ಮಾಡಲಿ ಎಂದು ಗೊತ್ತಾಗದೆ ನಿನ್ನ ಮಂಡಿ, ಹೆಬ್ಬೆರಳು ಎಂದು ಸುತ್ತು ಹೊಡೆಯುತ್ತಿದ್ದೇನೆ ಅಷ್ಟೆ.

ಮೊದಲು ಒಳ್ಳೆಯ ಸುದ್ದಿ. ನಮ್ಮ ದೊಡ್ಡವಳು ಗಾಯಾ ಭಾನುವಾರದ ಬೌಲಿಂಗ್ ಆಯ್ಕೆ ಪಂದ್ಯದಲ್ಲಿ ನಾಲ್ಕನೆಯವಳಾಗಿ ಬಂದಿದ್ದಾಳೆ. ಹನ್ನೆರಡು ವರ್ಷದೊಳಗಿನ ಹುಡುಗಿಯರು ಹದಿನಾರು ಮಂದಿ, ಆರು ಆಟ, ಪರದೇಶದ ಪಂದ್ಯಕ್ಕೆ ಪೆನಾಂಗ್‌ಗೆ ಹೋಗುವವರು ನಾಲ್ವರು. ಪಟ್ಟಿಯನ್ನು ಶುಕ್ರವಾರ ಬೌಲಿಂಗ್ ಸೆಂಟರಿನ ಗೋಡೆಗೆ ಅಂಟಿಸುತ್ತಾರೆ. ಅವಳಿಗೂ ಐದನೆಯವಳಿಗೂ ನಡುವೆ ಇರುವುದು ಐದೇ ಐದು ಪಿನ್ನು. ಐದನೆಯವಳು ಬಿಯಾಂಕ, ನನ್ನ ಗೆಳತಿ ಡೆಲೀಯ ಮಗಳು.

ಈಗ ಕೆಟ್ಟ ಸುದ್ದಿ. ಆ ನಾಲ್ಕನೆಯ ಜಾಗ ಗಾಯಾಳದ್ದಲ್ಲ. ಅದಕ್ಕೆ ಕಾರಣ ನಾನು. ಇದು ಗೊತ್ತಿರುವುದು ನನಗೆ, ಬಹುಶಃ ಡೆಲೀಗೆ, ಈಗ ನಿನಗೆ.

ನೀನು ಹೋದ ಮೇಲೆ ಶನಿವಾರಗಳು ಹೇಗಿವೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಕೇಳಬಾರದೆಂದು ನಿಯಮವೋ ಏನೋ. ಮಕ್ಕಳ ಆಟ ನೋಡಲು ಬರುವ ನಮ್ಮ ಹಿಂಬೆಂಚಿನವರು ಹಾಗೆಯೇ ಇದ್ದಾರೆ: ಮಕ್ಕಳೆಲ್ಲರ ಹೆಸರನ್ನು ಬೆನ್ನಿಗೆ ಅಚ್ಚು ಹಾಕಿಸಿಕೊಂಡ ಹಸಿರು ಅಂಗಿ, ಮೊರದ ತುಂಬ ಶಾವಿಗೆ, ಯಾರ ಮಗು ಆಡಿದರೂ ಎಲ್ಲರೂ ಸೇರಿ ಕೂಗುವುದು. ಪೂರಿಂಗ್ ಅಜ್ಜಿಯ ಮೊಮ್ಮಗ ಆಟ ಬಿಟ್ಟು ಸೌದಿಗೆ ಹೋಗಿ ಆರು ವರ್ಷವಾಯಿತು, ಅಜ್ಜಿ ಮಾತ್ರ ಒಂದು ಶನಿವಾರವೂ ತಪ್ಪಿಸುವುದಿಲ್ಲ. ಅದೇ ಕಂಚಿನ ಗಂಟೆ ಹಿಡಿದು ಮೊದಲ ಸಾಲಿನಲ್ಲಿ ಕೂರುತ್ತಾಳೆ, ಹತ್ತಕ್ಕೆ ಹತ್ತೂ ಪಿನ್ನು ಬಿದ್ದರೆ ಬಾರಿಸುತ್ತಾಳೆ, ಒಂದು ಉಳಿದರೆ ತಪ್ಪೆಲ್ಲ ಅದರದ್ದೇ ಎನ್ನುವ ಹಾಗೆ ಗಂಟೆಯನ್ನು ಬೈಯುತ್ತಾಳೆ. ಬೆಂಚಿನಲ್ಲಿ ನಿನ್ನ ಜಾಗವನ್ನು ಒಂದು ತಿಂಗಳು ಖಾಲಿ ಬಿಟ್ಟರು. ಆಮೇಲೆ ಯಾರೋ ಅಲ್ಲಿ ನೀರಿನ ಕ್ಯಾನ್ ಇಟ್ಟರು. ಈಗ ಡೆಲೀ ಕೂರುತ್ತಾಳೆ, ನನ್ನ ಪಕ್ಕಕ್ಕೇ ಬೇಕೆಂದು ಬಂದು ಕೂತವಳು.

ಡೆಲೀಯನ್ನು ನೀನು ‘ಬಾಯಿಬಡುಕಿ’ ಅನ್ನುತ್ತಿದ್ದೆ. ಬಾಯಿಬಡುಕಿಯೇ. ಆದರೆ ಅಕ್ಕಾ, ನೀನು ಹೋದ ಮೇಲೆ ವಾರವಿಡೀ ನನ್ನ ಜೊತೆ ನಾಲ್ಕು ಮಾತು ಪೂರ್ತಿಯಾಗಿ ಆಡುವವಳು ಅವಳೊಬ್ಬಳೇ. ಶಾಲೆಯ ಲೈಬ್ರರಿ ಕೆಲಸ ಬಿಟ್ಟ ಮೇಲೆ ನನಗೆ ಸಿಗುವ ದೊಡ್ಡವರೆಂದರೆ ಎಲ್ಮೆರ್ ಮತ್ತು ತರಕಾರಿಯವಳು. ಶನಿವಾರ ಜೀಪ್ನಿಯಲ್ಲಿ ಒಟ್ಟಿಗೆ ಹೋಗುತ್ತೇವೆ, ಹುಡುಗಿಯರಿಬ್ಬರೂ ಚೆಂಡಿನ ಚೀಲಗಳನ್ನು ಕಾಲ ಮೇಲಿಟ್ಟುಕೊಂಡು ಒಂದೇ ಇಯರ್‌ಫೋನು ಹಂಚಿಕೊಂಡು ಕೂರುತ್ತಾರೆ, ನಾವು ಒಂದೇ ಕೊಡೆಯಲ್ಲಿ ಇಳಿಯುತ್ತೇವೆ. ಗಾಯಾ ಆಡಲು ಎದ್ದರೆ ಸಾಕು, ಡೆಲೀ ನನ್ನ ಕಡೆ ತಿರುಗುತ್ತಾಳೆ. ‘ಏ ಚೆಲ್, ಮುಖ ಯಾಕೆ ಒಣಮೀನಿನ ಥರ ಮಾಡ್ಕೊಂಡಿದ್ದೀಯ? ಉಸಿರಾಡೇ ಮಾರಾಯ್ತಿ, ಚೆಂಡು ಉರುಳಿಸ್ತಿರೋದು ಅವಳು, ನೀನಲ್ಲ’ ಅನ್ನುತ್ತಾಳೆ. ನಾನು ಉಸಿರಾಡುತ್ತೇನೆ. ಉಸಿರಾಡಿಸಲಿಕ್ಕೂ ಒಬ್ಬರು ಬೇಕು ಎಂದು ನೀನಿದ್ದಾಗ ನನಗೆ ತಿಳಿದಿರಲಿಲ್ಲ.

ಭಾನುವಾರ ಮಾತ್ರ ನಾನು ಬೆಂಚಿನಲ್ಲಿರಲಿಲ್ಲ. ಆಯ್ಕೆ ಪಂದ್ಯದಲ್ಲಿ ಪ್ರತಿ ಮಗುವಿಗೆ ಒಬ್ಬ ದೊಡ್ಡವರು ಒಳಗೆ, ಚೆಂಡು ಮರಳಿ ಬರುವ ಜಾಗದ ಹಿಂದೆ ಕುರ್ಚಿ ಹಾಕಿಕೊಂಡು ಕೂರಬಹುದಲ್ಲ, ಅಲ್ಲಿ. ಹೋದ ವರ್ಷ ಆ ಕುರ್ಚಿಯಲ್ಲಿ ನೀನಿದ್ದೆ. ಗಾಯಾ ಬಂದು ಚೆಂಡನ್ನು ನಿನ್ನ ತೊಡೆಯ ಮೇಲಿಟ್ಟರೆ ನೀನು ಒರೆಸಿ ಕೊಡುತ್ತಿದ್ದೆ, ಒಂದು ಮಾತೂ ಆಡುತ್ತಿರಲಿಲ್ಲ. ನಿನ್ನ ಚೀಲ, ನಿನ್ನ ಬಟ್ಟೆ, ಚೆಂಡು ತೊಳೆಯುವ ನಿನ್ನ ನೀಲಿ ಬಾಟಲಿ ಎಲ್ಲ ಈಗ ನನ್ನ ಸುಪರ್ದಿಯಲ್ಲಿ. ಎಲ್ಮೆರ್‌ಗೆ ಆ ದಿನವೂ ಕೆಲಸವಿದ್ದುದರಿಂದ ನೆನೆಯನ್ನು ಎದೆಗೆ ಜೋಳಿಗೆ ಕಟ್ಟಿಕೊಂಡೇ ಕೂತಿದ್ದೆ. ‘ಮಗೂನ ನನಗೆ ಕೊಡೇ’ ಎಂದು ಡೆಲೀ ಬೆಳಿಗ್ಗೆಯೇ ಕೇಳಿದ್ದಳು. ಅವಳೂ ಪಕ್ಕದ ಕುರ್ಚಿಯಲ್ಲಿ ಬಿಯಾಂಕಳ ಚೆಂಡು ಒರೆಸಬೇಕಿತ್ತಲ್ಲ, ತೊಂದರೆ ಯಾಕೆಂದು ಕೊಡಲಿಲ್ಲ. ಕೊಟ್ಟಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಐದು ಆಟ ಮುಗಿದಾಗ ಗಾಯಾ ಆರನೆಯವಳು, ಬಿಯಾಂಕ ನಾಲ್ಕನೆಯವಳು. ಆರನೆಯ ಆಟದಲ್ಲಿ ನಮ್ಮ ಹುಡುಗಿಗೆ ಏನು ಬಂತೋ, ಎಲ್ಮೆರ್ ಹೊಲಿದ ಬೂಟಿನ ಎಡಗಾಲು ಗೆರೆಯವರೆಗೆ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತಿತ್ತು, ನೀನು ಕಲಿಸಿದ ಹಾಗೆಯೇ ಕೈ ಕಿವಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಆರು ಸುತ್ತಿನಲ್ಲಿ ಮೂರು ಸಲ ಒಂದೇ ಏಟಿಗೆ ಹತ್ತೂ ಪಿನ್ನು, ಮೂರು ಸ್ಟ್ರೈಕ್. ಬೆಂಚಿನವರು ಎಂದಿನಂತೆ ಎಣಿಕೆ ನಿಲ್ಲಿಸಿ ಮೌನವಾದರು, ಮೂರರ ಮೇಲೆ ಬಾಯಿಬಿಟ್ಟು ಎಣಿಸಿದರೆ ಕಣ್ಣು ಬೀಳುತ್ತದೆಂದು. ಗಾಯಾ ಬಂದು ಚೆಂಡನ್ನು ನನ್ನ ತೊಡೆಯ ಮೇಲಿಟ್ಟು ನೀರು ಕುಡಿಯಲು ಹೋದಳು. ಅದೇ ಕ್ಷಣಕ್ಕೆ ಕಾದಿದ್ದವಳ ಹಾಗೆ ನೆನೆ ಬಗ್ಗಿ, ಕುಡಿದ ಹಾಲನ್ನೆಲ್ಲ ಆ ಚೆಂಡಿನ ಮೇಲೆ ಕಕ್ಕಿಬಿಟ್ಟಳು. ಬೆರಳು ಹಾಕುವ ಮೂರು ತೂತುಗಳೂ ತುಂಬಿದವು.

ನಗಬೇಡ. ಸರಿ, ನಗು, ನೀನಿದ್ದಿದ್ದರೆ ಅಲ್ಲೇ ಬಿದ್ದು ನಗುತ್ತಿದ್ದೆ, ನಾನೂ ನಗುತ್ತಿದ್ದೆ. ಒಬ್ಬಳೇ ಇದ್ದೆನಲ್ಲ, ನಗು ಬರಲಿಲ್ಲ. ಅವಳ ಸರದಿಗೆ ಒಂದು ನಿಮಿಷವೂ ಇರಲಿಲ್ಲ. ಬಟ್ಟೆಯಲ್ಲಿ ಒರೆಸಿದೆ, ಹಾಲು ಇನ್ನೂ ಹರಡಿತು. ಚೀಲದ ಪಕ್ಕದ ಜೇಬಿಗೆ ಕೈಹಾಕಿ ನಿನ್ನ ನೀಲಿ ಬಾಟಲಿ ತೆಗೆದು ಚೆಂಡಿಗೆಲ್ಲ ಪಿಚಕಾರಿ ಹೊಡೆದು, ನೆನೆಯ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದೆ. ಚೆಂಡು ಹೊಸದರ ಹಾಗೆ ಮಿರಿಮಿರಿ ಮಿಂಚಿತು. ಬಾಟಲಿಯ ಮುಚ್ಚಳ ತಿರುಗಿಸುತ್ತ ತಲೆಯೆತ್ತಿದರೆ ಎದುರಿನ ಕಂಬದ ಮೇಲೆ, ಅಂಕ ಬರೆಯುವ ಎರ್ನಿಂಗ್ ಮಾಮ ಕೆಂಪು ಅಕ್ಷರದಲ್ಲಿ ಬರೆದು ಹಾಕಿದ ಹಲಗೆ: ‘ಆಟ ಶುರುವಾದ ಮೇಲೆ ಒಣ ಬಟ್ಟೆ ಮಾತ್ರ. ದ್ರವ ಬಳಸಿದರೆ ಆ ಆಟ ರದ್ದು.’

ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ನೀನೇ ಗಾಯಾಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದೆ, ನಾನು ಅಕ್ಕಿ ತೊಳೆಯುತ್ತ ಕೇಳುತ್ತಿದ್ದೆ: ಉರುಳುವ ಹಾದಿಗೆ ಬಳಿದ ಎಣ್ಣೆ ಹತ್ತಿದ ಚೆಂಡು ಜಾರುತ್ತದೆ, ತೊಳೆದ ಚೆಂಡು ನೆಲ ಕಚ್ಚಿ ತಿರುಗುತ್ತದೆ, ಅದಕ್ಕೇ ಆಟದ ನಡುವೆ ತೊಳೆಯುವ ಹಾಗಿಲ್ಲ, ಎಲ್ಲರ ಚೆಂಡಿಗೂ ಒಂದೇ ನ್ಯಾಯ ಎಂದು. ಆಗಲೇ ಕೈಯೆತ್ತಿ ಎರ್ನಿಂಗ್ ಮಾಮನನ್ನು ಕರೆಯಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಗಾಯಾ ಓಡಿ ಬಂದು ಚೆಂಡು ಎತ್ತಿಕೊಂಡು ಹೋಗಿಯಾಗಿತ್ತು. ಚೆಂಡು ಅಷ್ಟು ದೂರ ಹೋಗಿ, ಕೊನೆಯಲ್ಲಿ ನೆಲ ಕಚ್ಚಿ ತಿರುಗಿ, ಹತ್ತಕ್ಕೆ ಹತ್ತೂ ಪಿನ್ನು ಬೀಳಿಸಿತು. ಪೂರಿಂಗ್ ಅಜ್ಜಿಯ ಗಂಟೆ, ಬೆಂಚಿನವರ ಕೂಗು. ಗಾಯಾ ನಗುತ್ತ ಬಂದು, ನಮ್ಮಲ್ಲಿ ಮಾಡುತ್ತಾರಲ್ಲ ಹಾಗೆ, ಎದುರಾಳಿ ತನ್ನವರು ಎನ್ನದೆ ಸಾಲಾಗಿ ಎಲ್ಲರ ಅಂಗೈಗೂ ಅಂಗೈ ತಟ್ಟುತ್ತ ಹೋದಳು. ನನ್ನ ಅಂಗೈ ಇನ್ನೂ ಒದ್ದೆಯಾಗಿತ್ತು. ಅವಳ ನಂತರ ಪದ್ಧತಿಯಂತೆ ಡೆಲೀಯೂ ನನ್ನ ಕೈ ತಟ್ಟಿದಳು. ತಟ್ಟಿದವಳು ತನ್ನ ಅಂಗೈ ನೋಡಿಕೊಂಡಳು. ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡಿ, ‘ನೆನೆಗೆ ಹೊಟ್ಟೆ ಸರಿಯಿಲ್ವೇನೆ?’ ಅಂದಳು. ಅಷ್ಟೇ. ನಾನು ‘ಹಲ್ಲು ಬರ್ತಿವೆ’ ಅಂದೆ. ಅಷ್ಟೇ.

ಗಾಯಾ ಆ ಆಟದಲ್ಲಿ ನೂರ ತೊಂಬತ್ತೊಂದು ಹೊಡೆದಳು, ಈವರೆಗೆ ಅವಳು ಹೊಡೆದದ್ದರಲ್ಲೇ ಹೆಚ್ಚು. ಬಿಯಾಂಕಳ ಕೊನೆಯ ಚೆಂಡಿಗೆ ಒಂದು ಪಿನ್ನು ಅಲ್ಲಾಡಿ ಅಲ್ಲಾಡಿ ನಿಂತುಬಿಟ್ಟಿತು. ಮಗು ಬಾತ್‌ರೂಮಿಗೆ ಓಡಿತು. ಡೆಲೀ ಹಿಂದೆಯೇ ಹೋದಳು, ಸ್ವಲ್ಪ ಹೊತ್ತಿಗೆ ಬಂದು ಗಾಯಾಳ ಕೆನ್ನೆ ಹಿಂಡಿ, ‘ಗೆದ್ದೆ ಕಣೇ ಪುಟ್ಟಿ, ಪೆನಾಂಗಿಂದ ನನಗೇನು ತರ್ತೀಯ?’ ಅಂದಳು. ನನ್ನ ಕಡೆ ತಿರುಗಿ, ‘ನಾವು ಸ್ವಲ್ಪ ಮಾರ್ಕೆಟ್ಟಿಗೆ ಹೋಗ್ಬೇಕು ಚೆಲ್, ನೀವು ಹೊರಡಿ’ ಅಂದಳು. ಭಾನುವಾರ ಆ ಹೊತ್ತಿಗೆ ಯಾವ ಮಾರ್ಕೆಟ್ಟು? ಜೀಪ್ನಿಯಲ್ಲಿ ನಮ್ಮ ಎದುರಿನ ಎರಡು ಸೀಟು ಖಾಲಿ ಇದ್ದವು. ಗಾಯಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಸುಸ್ತಾಗಿರಬೇಕು ಎಂದುಕೊಂಡೆ.

ಡೆಲೀ ನೋಡಿದ್ದಾಳೆಯೋ ಇಲ್ಲವೋ, ನೂರು ಸಲ ಆ ಕ್ಷಣವನ್ನು ತಿರುವಿ ಹಾಕಿದ್ದೇನೆ. ನೋಡಿದ್ದರೆ ಯಾಕೆ ಹೇಳಲಿಲ್ಲ? ಅವಳು ಒಂದು ಮಾತು ಅಂದಿದ್ದರೆ ಬಿಯಾಂಕಳದ್ದೇ ಜಾಗ. ನೋಡಿಲ್ಲದಿದ್ದರೆ ಯಾಕೆ ಸೋಮವಾರ ಫೋನ್ ಎತ್ತಲಿಲ್ಲ? ಸಂಜೆ ‘ಸ್ವಲ್ಪ ಕೆಲಸ ಇತ್ತು ಕಣೇ’ ಎಂದು ಒಂದು ಮೆಸೇಜು, ಕೊನೆಗೊಂದು ನಗುವ ಮುಖ. ದಿನಕ್ಕೆ ಹನ್ನೆರಡು ಸಲ ಮೆಸೇಜು ಮಾಡುವವಳು ಅದಾದ ಮೇಲೆ ಒಂದೂ ಮಾಡಿಲ್ಲ. ನಾನೂ ಮಾಡಿಲ್ಲ.

ಎಲ್ಮೆರ್‌ಗೆ ಹೇಳಿದೆ. ಅವನು ಊಟದ ತಟ್ಟೆಯಿಂದ ತಲೆಯೆತ್ತದೆ, ‘ಮಗು ವಾಂತಿ ಮಾಡ್ಕೊಂಡ್ರೆ ಒರೆಸ್ಬಾರ್ದಾ? ಅದೇನು ಮಂತ್ರದ ನೀರಾ? ಪಿನ್ನು ಬೀಳ್ಸಿದ್ದು ನನ್ನ ಮಗಳು, ಬಾಟ್ಲಿ ಅಲ್ಲ’ ಅಂದ. ಹಾಗೆ ನೋಡಿದರೆ ಅವನದ್ದು ಸುಳ್ಳಲ್ಲ. ನಾನೂ ಅದನ್ನೇ ನನಗೆ ಹೇಳಿಕೊಂಡೆ. ತೊಳೆಯದಿದ್ದರೂ ಸ್ಟ್ರೈಕ್ ಬೀಳುತ್ತಿತ್ತೇನೋ. ಹಾಲು ಅಂಟಿದ ಚೆಂಡಿನಿಂದ ಯಾರಿಗೆ ನ್ಯಾಯ? ಹೀಗೆ ಒಂದೊಂದಾಗಿ ಜೋಡಿಸುತ್ತ ಹೋಗುತ್ತೇನೆ, ಎಲ್ಲ ಸರಿಯಾಗಿ ನಿಲ್ಲುತ್ತದೆ, ಆಮೇಲೆ ಐದು ಪಿನ್ನು ಎಂಬುದು ನೆನಪಾಗುತ್ತದೆ. ಐವತ್ತಾಗಿದ್ದರೆ ಬಹುಶಃ ನಿದ್ದೆ ಮಾಡುತ್ತಿದ್ದೆ. ನಾನು ಎಂಥವಳು ಎಂದು ನೋಡು.

ಎಲ್ಮೆರ್ ಅಂದೇ ಹೊಸ ಬೂಟಿಗೆ ಚರ್ಮ ಕತ್ತರಿಸಿ ಇಟ್ಟಿದ್ದಾನೆ, ಬಿಳಿ ಬಣ್ಣದ್ದು, ಹಿಮ್ಮಡಿಯಲ್ಲಿ ಅವಳ ಹೆಸರು ಹೊಲಿಯುತ್ತಾನಂತೆ. ಹಗಲೆಲ್ಲ ಪರರ ಮದುವೆಗೆ ಹೊಲಿದು ಬಂದು ಇದನ್ನು ಹಿಡಿದು ಕೂತರೆ ಅವನ ಮುಖದಲ್ಲಿ ಆಯಾಸವೇ ಇರುವುದಿಲ್ಲ. ಗಾಯಾ ಅಂತೂ ಪೆನಾಂಗ್ ಜಪ. ಇವತ್ತು ಬೆಳಿಗ್ಗೆ ಕೂಡ ಬನ್ನನ್ನು ಕಾಫಿಗೆ ಅದ್ದುತ್ತ, ‘ಅಲ್ಲಿ ಸಮುದ್ರ ಎಷ್ಟು ದೂರ ಅಮ್ಮಾ? ನೀನೂ ಬರ್ಬೋದಾ? ನೆನೆಗೂ ಪಾಸ್‌ಪೋರ್ಟ್ ಬೇಕಾ?’ ಎಂದು ಕೇಳಿದಳು. ನನ್ನ ಮುಖವನ್ನೇ ನೋಡುತ್ತ ಕೇಳಿದಳು. ನಾನು ನಕ್ಕೆ. ಅವಳೂ ನಕ್ಕಳು. ಈ ನಗುವನ್ನು ಕಿತ್ತುಕೊಳ್ಳುವುದು ಹೇಗೆ, ಹೇಳು. ಮಗು ತಪ್ಪು ಮಾಡಿದ್ದರೆ ಬೈದು ತಿದ್ದಬಹುದು. ತಪ್ಪು ನನ್ನದು, ಪಟ್ಟಿಯಿಂದ ಹೋಗುವ ಹೆಸರು ಅವಳದು.

ಸೋಮವಾರ ಮಧ್ಯಾಹ್ನ ನೆನೆಯನ್ನು ಎತ್ತಿಕೊಂಡು ಬೌಲಿಂಗ್ ಸೆಂಟರಿನ ಬಾಗಿಲವರೆಗೆ ಹೋಗಿದ್ದೆ. ಎರ್ನಿಂಗ್ ಮಾಮ ಕೌಂಟರಿನಲ್ಲಿ ಕೂತು ಮಾವಿನಕಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದರು. ‘ಏನಮ್ಮಾ ಚೆಲ್, ಬಾಗಿಲಲ್ಲೇ ನಿಂತೆ, ಒಳಗೆ ಬಾ, ತಣ್ಣಗಿದೆ’ ಎಂದು ಕೂಗಿದರು. ಮೂವತ್ತು ವರ್ಷದಿಂದ ಮಕ್ಕಳ ಅಂಕ ಬರೆಯುತ್ತಿರುವ ಮನುಷ್ಯ, ಒಂದು ಪಿನ್ನು ಹೆಚ್ಚು ಬರೆದವರಲ್ಲ, ಒಂದು ಕಡಿಮೆ ಬರೆದವರಲ್ಲ. ನಾನು ಒಳಗೆ ಹೋಗಿ, ‘ನೆನೆಯ ಟೋಪಿ ಇಲ್ಲೇನಾದ್ರೂ ಬಿದ್ದಿತ್ತಾ ಮಾಮಾ?’ ಎಂದು ಕೇಳಿದೆ. ಪಾಪ, ಎದ್ದು ಎಲ್ಲ ಕುರ್ಚಿಯ ಕೆಳಗೆ ಬಗ್ಗಿ ನೋಡಿದರು. ಟೋಪಿ ನನ್ನ ಚೀಲದಲ್ಲೇ ಇತ್ತು. ನಿನ್ನೆ ಗಾಯಾ ಒಬ್ಬಳೇ ಅಭ್ಯಾಸಕ್ಕೆ ಹೋದಳು, ನಾನು ಹೋಗಲಿಲ್ಲ. ಅಲ್ಲಿ ಡೆಲೀ ಇದ್ದರೆ ಯಾವ ಕುರ್ಚಿಯಲ್ಲಿ ಕೂರಲಿ ಎಂದು ಹೆದರಿಕೆಯಾಯಿತು.

ಹೇಳಿದರೆ ಏನಾಗುತ್ತದೆ ಎಂದು ಗೊತ್ತು. ಆರನೆಯ ಆಟ ಸೊನ್ನೆ, ಗಾಯಾ ಹದಿನಾರರಲ್ಲಿ ಹದಿನಾರನೆಯವಳು, ಕಾರಣವನ್ನು ಪಟ್ಟಿಯ ಕೆಳಗೆ ಬರೆಯುತ್ತಾರೆ, ಹಿಂಬೆಂಚಿನವರೆಲ್ಲ ಓದುತ್ತಾರೆ. ಯಾರೂ ಏನೂ ಅನ್ನುವುದಿಲ್ಲ, ಶಾವಿಗೆ ಬಡಿಸುವಾಗ ನನಗೆ ಒಂದು ಹಿಡಿ ಜಾಸ್ತಿಯೇ ಬಡಿಸುತ್ತಾರೆ, ಅದೇ ನನಗೆ ಭಯ. ಹೇಳದಿದ್ದರೆ ಬೆಂಚು ಹಾಗೆಯೇ ಇರುತ್ತದೆ, ಪಕ್ಕದಲ್ಲಿ ಡೆಲೀ ಇರುವುದಿಲ್ಲ. ಇದ್ದರೂ ಉಸಿರಾಡು ಎಂದು ಹೇಳುವುದಿಲ್ಲ.

ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಲೆಂದೇ ಈ ಪತ್ರ ಶುರು ಮಾಡಿದ್ದು. ನಾಲ್ಕು ಹಾಳೆ ತುಂಬಿದ ಮೇಲೆ ಹೊಳೆಯಿತು, ಇದು ನಿನ್ನ ಕೈಗೆ ಸೇರುವಷ್ಟರಲ್ಲಿ ಶುಕ್ರವಾರ ಕಳೆದಿರುತ್ತದೆ, ನಿನ್ನ ಉತ್ತರ ಬರುವುದು ಜೂನ್‌ನಲ್ಲಿ. ಮೊದಲೆಲ್ಲ ಪಕ್ಕದ ಕೋಣೆಯಿಂದ ‘ಅಕ್ಕಾ’ ಅಂದರೆ ಸಾಕಿತ್ತು. ನೀನು ಹೋಗುವ ದಿನ ಬಸ್ ಸ್ಟ್ಯಾಂಡಿನಲ್ಲಿ ‘ನಿನಗೆ ಗಂಡ ಇದ್ದಾನೆ, ಇಬ್ಬರು ಮಕ್ಕಳಿದ್ದಾರೆ, ನನ್ನ ನೆನಪು ಎಲ್ಲಿ ಬರುತ್ತೆ ಹೋಗೇ’ ಎಂದು ತಲೆ ಸವರಿದ್ದೆ. ಆವತ್ತು ಅಳುತ್ತಿದ್ದೆನಾದ್ದರಿಂದ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಮನೆ ತುಂಬ ಜನರಿದ್ದಾರೆ ಅಕ್ಕಾ, ಎಲ್ಲರೂ ನನ್ನನ್ನು ಕೇಳುವವರೇ, ಹೊಟ್ಟೆಗೆ, ಬಟ್ಟೆಗೆ, ಸಮುದ್ರ ಎಷ್ಟು ದೂರ ಎಂದು. ನಾನು ಕೇಳುವುದಕ್ಕೆ ಇದ್ದವಳು ನೀನೊಬ್ಬಳು. ನಿನ್ನ ದೇವರ ಮೇಲೆ ನನಗೆ ಸಿಟ್ಟಿಲ್ಲ. ಸ್ವಲ್ಪ ಇದೆ. (ಸಿಸ್ಟರ್, ಇದನ್ನೂ ಕ್ಷಮಿಸಿ.)

ನೆನೆ ಎದ್ದಳು. ಇಷ್ಟು ಹೊತ್ತು ಮಲಗಿದ್ದೇ ಹೆಚ್ಚು. ಪೂರಿಂಗ್ ಅಜ್ಜಿ ನಿನಗೆ ನಮಸ್ಕಾರ ತಿಳಿಸಿದ್ದಾಳೆ, ಸೌದಿಯ ಮೊಮ್ಮಗನ ಹೆಸರಿಗೆ ಒಂದು ಮೇಣದಬತ್ತಿ ಹಚ್ಚಬೇಕಂತೆ. ಎಲ್ಮೆರ್ ನಿನ್ನ ಕಾಲಿನ ಅಳತೆ ಇನ್ನೂ ಇಟ್ಟುಕೊಂಡಿದ್ದಾನೆ, ಮಠದಲ್ಲಿ ಕಪ್ಪು ಬೂಟೇ ಆಗಬೇಕಾ ಎಂದು ಕೇಳುತ್ತಿದ್ದಾನೆ. ಚಳಿಯಲ್ಲಿ ತಲೆಗೆ ನೀರು ಹಾಕಿಕೊಂಡು ಹಾಗೆಯೇ ಓಡಾಡಬೇಡ. ನಮ್ಮೆಲ್ಲರಿಗಾಗಿ ಪ್ರಾರ್ಥಿಸು, ಬಿಯಾಂಕಳಿಗೂ ಸೇರಿಸಿ. ನಿನ್ನ ಎರಡೂ ಕೈಗಳನ್ನು ಹಣೆಗೆ ಒತ್ತಿಕೊಳ್ಳುತ್ತೇನೆ.

ನಿನ್ನ ತಂಗಿ,
ಚೆಲ್

ಮರೆತ ಮಾತು: ಗುರುವಾರ, ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ನೆನೆ ಕೈ ಎಳೆಯುತ್ತಿದ್ದಾಳೆಂದು ತಿಳಿ. ಬೆಳಿಗ್ಗೆ ಎರ್ನಿಂಗ್ ಮಾಮನ ಹತ್ತಿರ ಹೋದ ಕೂಡಲೇ, ಕೂರುವ ಮೊದಲೇ, ಎಲ್ಲ ಹೇಳಿಬಿಟ್ಟೆ. ಅವರು ಡ್ರಾಯರ್‌ನಿಂದ ಭಾನುವಾರದ ಹಾಳೆ ತೆಗೆದು ತೋರಿಸಿದರು. ಗಾಯಾಳ ಆರನೆಯ ಆಟಕ್ಕೆ ಆಗಲೇ ಅಡ್ಡಗೆರೆ ಎಳೆದಾಗಿತ್ತು. ‘ಮಂಗಳವಾರ ನಿನ್ನ ಮಗಳು ಬಂದಿದ್ಲು ಕಣಮ್ಮ, ಬೂಟು ಕೈಯಲ್ಲಿ ಹಿಡ್ಕೊಂಡು. ಬಾಟ್ಲಿ ನೋಡಿದ್ಲಂತೆ. ಆಗ್ಲೇ ಹೇಳಿದ್ರೆ ಎಲ್ರೂ ಅಮ್ಮನ್ನ ನೋಡ್ತಿದ್ರು ಅಂತ ಸುಮ್ನಿದ್ಲಂತೆ. “ಕೂಡೋದ್ರಲ್ಲಿ ತಪ್ಪಾಗಿತ್ತು ಅಂತ ಬರೀರಿ ಮಾಮಾ, ಅಮ್ಮಂಗೆ ಗೊತ್ತಾಗ್ಬಾರ್ದು, ಅವಳು ಮೊದ್ಲೇ ನಿದ್ದೆ ಮಾಡಲ್ಲ” ಅಂದ್ಲು. ನಾನು ಮೂವತ್ತು ವರ್ಷದಲ್ಲಿ ಕೂಡೋದ್ರಲ್ಲಿ ತಪ್ಪು ಮಾಡಿಲ್ಲ. ಎರಡು ದಿನದಿಂದ ಏನು ಬರೀಲಿ ಅಂತ ಕೂತಿದ್ದೀನಿ.’ ನಡೆದದ್ದನ್ನು ನಡೆದ ಹಾಗೆ ಬರೆಯಿರಿ, ಬಂದು ಹೇಳಿದ್ದು ನಾನು ಎಂದು ನನ್ನ ಹೆಸರು ಹಾಕಿ, ಅವಳು ಬಂದದ್ದು ನಮ್ಮಿಬ್ಬರಲ್ಲೇ ಇರಲಿ ಎಂದು ಹೇಳಿ ಬಂದಿದ್ದೇನೆ. ಬಿಯಾಂಕ ಹೋಗುತ್ತಾಳೆ. ನಾಳೆ ಪಟ್ಟಿ ನೋಡಿ ಡೆಲೀ ಏನು ಮಾಡುತ್ತಾಳೋ ಗೊತ್ತಿಲ್ಲ. ಅಕ್ಕಾ, ಗಾಯಾಳಿಗೆ ಹನ್ನೊಂದು ವರ್ಷ. ಅವಳು ಹೀಗೆ ಒಬ್ಬಳೇ ಎಲ್ಲ ಹೊತ್ತುಕೊಂಡು ತಿರುಗುವುದನ್ನು ಕಲಿತದ್ದು ಯಾರಿಂದ ಎಂದು ನನಗೆ ಗೊತ್ತು. ಜೂನ್ ಪತ್ರ ನನಗೆ ಬೇಡ. ಅವಳ ಹೆಸರಿಗೇ ಬರೆ, ಲಕೋಟೆಯ ಮೇಲೆ ದೊಡ್ಡದಾಗಿ ಅವಳ ಹೆಸರು ಬರೆ. ನಾನು ಒಡೆಯುವುದಿಲ್ಲ.